ಹತ್ತೊಂಬತ್ತು ಮೊಲ, ಒಂದು ಚಿಟಿಕೆ ಉಪ್ಪು

ಮಾರ್ಚ್ 3, ಸೋಮವಾರ

ಮೂವತ್ತು ವರ್ಷದಿಂದ ನಾನು ಬರೆದಿರುವುದು ಎರಡೇ ಎರಡು: ನಾಳೆಯ ಅಡುಗೆಯ ಪಟ್ಟಿ, ಮುಗಿದುಹೋದ ಸಾಮಾನಿನ ಪಟ್ಟಿ. ಇವತ್ತು ಅಂಗಡಿಯಿಂದ ಈ ನೋಟ್‌ಬುಕ್ ತಂದೆ. ಯಾರಿಗಾದರೂ ಹೇಳಿಕೊಳ್ಳೋಣವೆಂದರೆ, ನಾನು ಎಲ್ಲವನ್ನೂ ಹೇಳಿಕೊಳ್ಳುತ್ತಿದ್ದದ್ದು ಅಕ್ಕನಿಗೆ. ಅವಳೇ ಆಸ್ಪತ್ರೆಯಲ್ಲಿ ಮಲಗಿದ್ದಾಳೆ.

ಅವಳ ಎರಡೂ ಕಿಡ್ನಿ ಕೈಕೊಟ್ಟಿವೆ. ವಾರಕ್ಕೆ ಮೂರು ಸಲ ಡಯಾಲಿಸಿಸ್ ಮಾಡಿಸಿಕೊಂಡರೆ ಬದುಕುತ್ತಾಳೆ, ಇಲ್ಲದಿದ್ದರೆ ಇಲ್ಲ ಎಂದು ದೊಡ್ಡ ಡಾಕ್ಟರು ಹೇಳಿದರು. ಅಕ್ಕ ಬೇಡ ಎಂದಳು. ಐದು ದಿನ ಹಟಹಿಡಿದು ಬೇಡ ಎಂದೇ ಕೂತಳು. ನಾನು ಅತ್ತು, ಬೈದು, ವಾರ್ಡಿನಲ್ಲಿ ರಂಪ ಮಾಡಿದ ಮೇಲೆ ಇವತ್ತು ಬೆಳಿಗ್ಗೆ ಬಾಯಿಬಿಟ್ಟಳು.

"ನಾನು ಇಲ್ಲಿ ಬಿದ್ದಿದ್ರೆ ಮೊಲಗಳನ್ನ ಯಾರು ನೋಡ್ತಾರೆ?"

ಅವಳ ಮನೆಯ ಹಿಂದಿನ ಶೆಡ್ಡಿನಲ್ಲಿ ಹತ್ತೊಂಬತ್ತು ಮೊಲಗಳಿವೆ. ಭಾವ ತೀರಿಕೊಂಡ ವರ್ಷ ಎರಡರಿಂದ ಶುರುವಾದದ್ದು. ಮರಿಗಳನ್ನು ಸಾಕುವವರಿಗೆ ಕೊಡುತ್ತಾಳೆ. ಕೊಡುವ ಮುಂಚೆ ಅವರ ಮನೆಗೇ ಹೋಗಿ, ಮಗಳನ್ನು ಕೊಡುವವಳ ಹಾಗೆ ಎಲ್ಲ ವಿಚಾರಿಸಿಕೊಂಡು ಬರುತ್ತಾಳೆ. ನಾನು ನೋಡಿಕೊಳ್ಳುತ್ತೇನೆ ಎಂದೆ. ಅವಳು ನನ್ನನ್ನು ಮೇಲಿಂದ ಕೆಳಗೆ ನೋಡಿದಳು.

"ಹುಲ್ಲು, ಪೆಲೆಟ್, ನೀರು. ಅಷ್ಟೇ. ನಿನ್ನ ಕೈರುಚಿ ಅಲ್ಲಿ ತೋರಿಸ್ಬೇಡ. ನಾನು ಬರೋವಾಗ ಹತ್ತೊಂಬತ್ತೂ ಇರ್ಬೇಕು. ಒಂದು ಕಡಿಮೆ ಆದ್ರೂ ನಾನು ಆ ಮಿಷಿನ್ ಹತ್ರ ಹೋಗಲ್ಲ, ನೋಡ್ಕೋ."

ಆಣೆ ಮಾಡಿದೆ. ಮಧ್ಯಾಹ್ನ ಮೊದಲ ಡಯಾಲಿಸಿಸ್ ಆಯಿತು. ಇನ್ನು ಸೋಮವಾರ, ಬುಧವಾರ, ಶುಕ್ರವಾರ. ನಾನು ಬಟ್ಟೆಬರೆ ಕಟ್ಟಿಕೊಂಡು ಅಕ್ಕನ ಮನೆಗೆ ಬಂದಿದ್ದೇನೆ.

ಮಾರ್ಚ್ 5, ಬುಧವಾರ

ಹೊಸ ಪೆಲೆಟ್ ಚೀಲ ಬಿಚ್ಚಿದೆ. ಆಸ್ಪತ್ರೆಗೆ ಹೋಗುವ ಹಿಂದಿನ ದಿನ ಅಕ್ಕ ತರಿಸಿಟ್ಟದ್ದು, ಐವತ್ತು ಕೆಜಿಯದು. ಪೆಲೆಟ್ ಎಂದರೆ ಹುಲ್ಲು, ಹೊಟ್ಟು, ಕಾಳು ಎಲ್ಲ ಸೇರಿಸಿ ಪುಟ್ಟ ಕಡ್ಡಿಗಳಾಗಿ ಒತ್ತಿದ ಮೇವು.

ನಾನು ಕಾರ್ಖಾನೆಯ ಕ್ಯಾಂಟೀನಿನಲ್ಲಿ ನಾನೂರು ಜನಕ್ಕೆ ಬೇಯಿಸಿ ಹಾಕುವವಳು. ಸೌಟಮ್ಮ ಎಂದೇ ಎಲ್ಲರೂ ಕರೆಯುವುದು. ನನ್ನ ಅಡುಗೆಮನೆಯಿಂದ ರುಚಿ ನೋಡದೆ ಒಂದು ತಟ್ಟೆಯೂ ಆಚೆ ಹೋಗಿಲ್ಲ. ಅಭ್ಯಾಸಬಲ, ಎರಡು ಪೆಲೆಟ್ ಬಾಯಿಗೆ ಹಾಕಿಕೊಂಡು ಅಗಿದೆ. ಸಪ್ಪೆ ಎಂದರೆ ಸಪ್ಪೆ. ಹಲಗೆ ತಿಂದ ಹಾಗಿತ್ತು. ಹುಲ್ಲನ್ನೂ ಅಗಿದು ನೋಡಿದೆ, ಅದರದ್ದೂ ಅದೇ ಹಣೆಬರಹ.

ಆಮೇಲೆ ಸ್ಟೂಲು ಹಾಕಿಕೊಂಡು ಕೂತು ಗಮನಿಸಿದೆ. ಒಂದು ಮೊಲ ಗೂಡಿನ ಚೌಕಟ್ಟನ್ನು ಕಡಿಯುತ್ತಿದೆ. ಇನ್ನೊಂದು ತಂತಿಯನ್ನು ನೆಕ್ಕುತ್ತಿದೆ. ಇಲ್ಲಿ ಹೆಡ್ ಮಿಸ್ ಎಂಬ ಬೂದುಬಣ್ಣದ ಮುದುಕಿ ಇದ್ದಾಳೆ. ಅರ್ಧಕ್ಕರ್ಧ ಮೊಲಗಳಿಗೆ ತಾಯಿ ಇಲ್ಲವೇ ಅಜ್ಜಿ. ಹೋಮ್‌ವರ್ಕ್ ಮಾಡದೆ ಬಂದವರನ್ನು ನೋಡುವ ಹಾಗೆ ಎಲ್ಲರನ್ನೂ ನೋಡುತ್ತಾಳೆ. ನಾನು ಕೈ ಒಳಗೆ ಹಾಕಿದ್ದೇ ತಡ, ನನ್ನ ಮಣಿಕಟ್ಟನ್ನು ನೆಕ್ಕುವುದಕ್ಕೆ ಶುರುಮಾಡಿದಳು. ನೆಕ್ಕಿದಳು, ನೆಕ್ಕಿದಳು, ಬಿಡಲೊಲ್ಲಳು. ಕೈ ತುಂಬ ಬೆವರಿತ್ತು. ಬೆವರಿನಲ್ಲಿ ಇರುವುದೇನು? ಉಪ್ಪು.

ಅಯ್ಯೋ, ಬಾಯಿಲ್ಲದ ಪ್ರಾಣಿಗಳೇ! ಉಪ್ಪಿಲ್ಲದೆ ಮರ ಕಡಿಯುತ್ತಿವೆ. ಸಂಜೆ ಮೇವಿನ ಅಂಗಡಿಗೆ ಹೋಗಿ ಕೇಳಿದೆ.

"ಮೊಲಕ್ಕೆ ಉಪ್ಪು ಹಾಕ್ಬಹುದಾ?"

"ದನಕ್ಕೆ ಹಾಕ್ತಾರೆ, ಕುರಿಗೆ ಹಾಕ್ತಾರೆ. ಮೊಲ ಏನು ಆಕಾಶದಿಂದ ಇಳಿದು ಬಂದಿದ್ಯಾ ಅಕ್ಕಾ? ಈ ಉಪ್ಪಿನ ಇಟ್ಟಿಗೆ ಗೂಡಿಗೊಂದು ಕಟ್ಟಿ, ಬೇಕಾದಾಗ ನೆಕ್ಕುತ್ತೆ. ಈ ಮಿನರಲ್ ಪುಡಿ ಮೇವಿನ ಮೇಲೆ ಉದುರಿಸಿ. ಇದ್ರಲ್ಲಿ ಸುಣ್ಣದಂಶ ಇದೆ, ಮೂಳೆ ಕಲ್ಲಾಗುತ್ತೆ."

ಹತ್ತೊಂಬತ್ತು ಇಟ್ಟಿಗೆ, ಒಂದು ಡಬ್ಬ ಪುಡಿ ತಂದೆ. ಅಕ್ಕನಿಗೆ ಹೇಳಲಿಲ್ಲ. ಬಂದಾಗ ಮೈಕೈ ತುಂಬಿಕೊಂಡ ಮೊಲಗಳನ್ನು ಅವಳೇ ನೋಡಲಿ.

ಮಾರ್ಚ್ 8, ಶನಿವಾರ

ಎಲ್ಲವೂ ಇಟ್ಟಿಗೆಗೆ ಮುಗಿಬಿದ್ದು ನೆಕ್ಕುತ್ತಿವೆ. ನೀರಿನ ಬಾಟಲಿ ಎರಡೆರಡು ಸಲ ತುಂಬಿಸಬೇಕಾಗುತ್ತಿದೆ. ಹುಲ್ಲಿಗೂ ಸ್ವಲ್ಪ ಉಪ್ಪುನೀರು ಚಿಮುಕಿಸಿದೆ. ಪುಡಿಯನ್ನು ಡಬ್ಬದ ಮೇಲೆ ಬರೆದದ್ದಕ್ಕಿಂತ ಒಂದು ಮುಷ್ಟಿ ಜಾಸ್ತಿಯೇ ಹಾಕುತ್ತಿದ್ದೇನೆ. ಅಳತೆ ನೋಡಿ ಬಡಿಸುವವಳು ನಾನಲ್ಲ.

ಅಕ್ಕ ಮಾತ್ರ ತಿನ್ನುತ್ತಿಲ್ಲ. ಆಸ್ಪತ್ರೆಯ ಗಂಜಿಗೆ ಉಪ್ಪು ಹಾಕುವ ಹಾಗಿಲ್ಲ, ನೀರು ದಿನಕ್ಕೆ ಮೂರು ಲೋಟ. ಎರಡು ಚಮಚ ತಿಂದು ಬಟ್ಟಲು ತಳ್ಳುತ್ತಾಳೆ. ಕೆನ್ನೆ ಒಳಗೆ ಹೋಗಿವೆ. ಮೂವತ್ತು ವರ್ಷ ಊರವರಿಗೆಲ್ಲ ಬೇಯಿಸಿದ ನನ್ನ ಕಣ್ಣೆದುರು ನನ್ನ ಅಕ್ಕ ಹಸಿದು ಸಾಯಬೇಕೇ? ನನಗೆ ತಡೆಯಲಾಗಲಿಲ್ಲ. ಕಾಗದದಲ್ಲಿ ಉಪ್ಪು ಕಟ್ಟಿಕೊಂಡು ಹೋಗಿದ್ದೆ. ನರ್ಸ್ ಆ ಕಡೆ ತಿರುಗಿದಾಗ ಗಂಜಿಗೆ ಒಂದು ಚಿಟಿಕೆ ಹಾಕಿ ಕಲಸಿದೆ.

ಅಕ್ಕ ಮೊದಲ ಚಮಚ ಬಾಯಿಗಿಟ್ಟು ನನ್ನ ಮುಖ ನೋಡಿದಳು. ಪೂರ್ತಿ ತಿಂದಳು. ಹತ್ತು ದಿನದಲ್ಲಿ ಮೊದಲ ಸಲ! ಬಸ್ಸಿನಲ್ಲಿ ಬರುವಾಗ ಖುಷಿಗೆ ಅತ್ತುಬಿಟ್ಟೆ. ಒಂದು ಚಿಟಿಕೆಯಿಂದ ಯಾರೂ ಸಾಯುವುದಿಲ್ಲ.

ಮಾರ್ಚ್ 11, ಮಂಗಳವಾರ

ಗೂಡುಗಳ ಕೆಳಗಿನ ತಟ್ಟೆಯಲ್ಲಿ ಮೊಲದ ಉಚ್ಚೆ ಸುಣ್ಣದ ನೀರಿನ ಹಾಗೆ ಬೆಳ್ಳಗೆ ಗಟ್ಟಿಯಾಗಿದೆ. ಉಜ್ಜಿದರೂ ಹೋಗುತ್ತಿಲ್ಲ. ಅಂಗಡಿಯವನಿಗೆ ಫೋನ್ ಮಾಡಿದೆ. "ಹೆಚ್ಚಾದದ್ದು ಹೊರಗೆ ಹೋಗ್ತಿದೆ, ಒಳ್ಳೇದೇ ಅಲ್ವಾ" ಎಂದ. ಸರಿ ಅನಿಸಿತು.

ಅಕ್ಕನ ಪಾದ ಊದಿವೆ. ಒತ್ತಿದರೆ ಹಳ್ಳ ಬೀಳುತ್ತದೆ. ದೊಡ್ಡ ಡಾಕ್ಟರು ಹೊರಗಿನ ಊಟ ಯಾರಾದರೂ ಕೊಡುತ್ತಿದ್ದಾರಾ ಎಂದು ಕೇಳಿದರು. ಅಕ್ಕ ಇಲ್ಲ ಎಂದಳು. ನಾನೂ ಇಲ್ಲ ಎಂದೆ. ಹೊರಗಿನ ಊಟ ನಾನು ಕೊಟ್ಟಿಲ್ಲವಲ್ಲ.

ಮಾರ್ಚ್ 14, ಶುಕ್ರವಾರ

ಹೆಡ್ ಮಿಸ್ ಮೂಲೆಯಲ್ಲಿ ಮುದುಡಿ ಕೂತಿದ್ದಾಳೆ. ಹುಲ್ಲು ಮುಟ್ಟಿಲ್ಲ. ಹಲ್ಲು ಕಟಕಟ ಎನ್ನುತ್ತಿವೆ. ಹಿಂದಿನ ಕಾಲು ಅಗಲಿಸಿ ಮುಕ್ಕರಿಯುತ್ತಾಳೆ, ಒಂದೆರಡು ಹನಿ ಬರುತ್ತದೆ, ಅಷ್ಟೇ. ಕ್ಯಾರೆಟ್ ಕೊಟ್ಟೆ, ಸೇಬು ಕೊಟ್ಟೆ, ಸಕ್ಕರೆ ನೀರು ಬಾಯಿಗೆ ಹಿಡಿದೆ. ಶಕ್ತಿ ಬರಲಿ ಎಂದು ಮಿನರಲ್ ಪುಡಿ ನೀರಿನಲ್ಲಿ ಕದಡಿ ಸಿರಿಂಜಿನಲ್ಲಿ ಹಾಕಿದೆ. ಇನ್ನೇನು ಹಾಕಲಿ? ದೇವರೇ, ಇನ್ನೇನು ಹಾಕಲಿ?

ಆಸ್ಪತ್ರೆಯಲ್ಲಿ ಅಕ್ಕ ಹೆಡ್ ಮಿಸ್ ಹೇಗಿದ್ದಾಳೆ ಎಂದು ಕೇಳಿದಳು. ತಿಂದು ಗುಂಡಗಿದ್ದಾಳೆ ಎಂದೆ.

ಮಾರ್ಚ್ 15, ಶನಿವಾರ

ಕ್ಯಾಂಟೀನಿಗೆ ರಜೆ ಹೇಳಿ ಹೆಡ್ ಮಿಸ್‌ಳನ್ನು ಬುಟ್ಟಿಯಲ್ಲಿಟ್ಟುಕೊಂಡು ಪ್ರಾಣಿ ಆಸ್ಪತ್ರೆಗೆ ಓಡಿದೆ. ಡಾಕ್ಟ್ರಮ್ಮ ಚಿಕ್ಕ ವಯಸ್ಸಿನವಳು, ನಗುವುದಿಲ್ಲ. ಹೊಟ್ಟೆ ಒತ್ತಿ ನೋಡಿ, ಎಕ್ಸ್‌ರೇ ತೆಗೆದು ಬೆಳಕಿಗೆ ಹಿಡಿದಳು. ಮೂತ್ರಚೀಲದ ಜಾಗದಲ್ಲಿ ಬೆಳ್ಳಗೆ ಒಂದು ಮೊಟ್ಟೆ ಇಟ್ಟ ಹಾಗಿತ್ತು.

"ಪೂರ್ತಿ ಮರಳು ತುಂಬಿದೆ. ಚೀಲದ ಬಾಯಲ್ಲಿ ಒಂದು ಕಲ್ಲು ಸಿಕ್ಕಿಕೊಂಡಿದೆ. ಏನು ಹಾಕ್ತಿದ್ರಿ?"

ಹೇಳಿದೆ. ಹೇಳುತ್ತ ಹೇಳುತ್ತ ನನ್ನ ದನಿ ಸಣ್ಣದಾಯಿತು.

"ನೋಡಿ, ಬೇರೆ ಪ್ರಾಣಿಗಳು ಬೇಕಾದಷ್ಟು ಸುಣ್ಣದಂಶ ಮಾತ್ರ ಹೊಟ್ಟೆಯಿಂದ ತಗೊಳ್ತವೆ. ಮೊಲ ಹಾಗಲ್ಲ. ಸಿಕ್ಕಿದ್ದೆಲ್ಲ ಒಳಗೆ ತಗೊಂಡು, ಹೆಚ್ಚಾದದ್ದನ್ನ ಉಚ್ಚೆಯಲ್ಲಿ ಹೊರಗೆ ಹಾಕುತ್ತೆ. ನೀವು ಪುಡಿ ಸುರಿದಷ್ಟೂ ಅಲ್ಲಿ ಕೂತ್ಕೊಳ್ಳುತ್ತೆ. ಇವಳಿಗೆ ವಯಸ್ಸಾಗಿದೆ, ಮೊದಲಿಂದಲೂ ಸ್ವಲ್ಪ ಇದ್ದಿರಬಹುದು. ನೀವು ಅದನ್ನ ತುಂಬಿಸಿದ್ರಿ."

"ಉಪ್ಪು?"

"ಬರೀ ಸೊಪ್ಪುಸದೆ ಮೇಲೆ ಸಾಕೋರು ಮೇವಿಗೆ ಒಂಚೂರು ಹಾಕೋದುಂಟು. ಪೆಲೆಟ್ ತಿನ್ನೋ ಮೊಲಕ್ಕೆ ಬೇಡ. ಪೆಲೆಟ್ಟಲ್ಲೇ ಉಪ್ಪಿದೆ, ಮಿನರಲ್ ಇದೆ, ಅಳತೆ ಮಾಡಿ ಹಾಕಿರ್ತಾರೆ."

ಇಲ್ಲ, ನಾನು ರುಚಿ ನೋಡಿದ್ದೇನೆ ಎಂದು ಬಾಯಿಗೆ ಬಂತು, ನುಂಗಿಕೊಂಡೆ. ಇವಳು ಓದಿರಬಹುದು, ತಿಂದು ನೋಡಿಲ್ಲ.

"ಮತ್ತೆ ಮರ ಯಾಕೆ ಕಡೀತಿದ್ವು? ಇವಳು ನನ್ನ ಕೈ ಬಿಡದೆ ನೆಕ್ಕಿದಳು."

"ಮೊಲದ ಹಲ್ಲು ಸಾಯೋವರೆಗೂ ಬೆಳೀತಾನೇ ಇರುತ್ತೆ, ಅದಕ್ಕೆ ಕಡಿಯುತ್ತೆ. ಕೈ ನೆಕ್ಕೋದು…" ಎಂದು ಅವಳು ಮೊದಲ ಸಲ ನನ್ನನ್ನು ಸರಿಯಾಗಿ ನೋಡಿದಳು. "ಮೊಲಗಳು ತಮ್ಮವರು ಅನಿಸಿದೋರನ್ನ ನೆಕ್ತವೆ. ಒಂದಕ್ಕೊಂದು ಹಾಗೇ ಮಾಡ್ಕೊಳ್ತವೆ. ಅವಳಿಗೆ ನೀವು ಇಷ್ಟ ಆಗಿದ್ರಿ, ಅಷ್ಟೇ."

ಚರ್ಮದ ಕೆಳಗೆ ನೀರು ಹತ್ತಿಸಿದರು, ನೋವಿಗೆ ಸೂಜಿ ಹಾಕಿದರು, ಅಲ್ಲೇ ಇರಿಸಿಕೊಂಡು ಮರಳನ್ನು ತೊಳೆದು ತೆಗೆಯುತ್ತೇವೆ ಎಂದರು. ಮನೆಯಲ್ಲಿರುವ ಉಳಿದವಕ್ಕೆ ಏನು ಹಾಕಬೇಕು ಎಂದು ಕೇಳಿದೆ.

"ತೆಗೀರಿ ಅಂತಿದ್ದೀನಿ. ಹಾಕಿ ಅಂತ ನಾನು ಹೇಳ್ಲೇ ಇಲ್ಲ."

ಮಾರ್ಚ್ 16, ಭಾನುವಾರ

ಹತ್ತೊಂಬತ್ತು ಇಟ್ಟಿಗೆ ಬಿಚ್ಚಿದೆ. ಪುಡಿ ಕಸಕ್ಕೆ ಹಾಕಿದೆ. ಹುಲ್ಲು, ಪೆಲೆಟ್, ನೀರು. ಮೊದಲ ದಿನ ಅಕ್ಕ ಹೇಳಿದ್ದೇ ಇದು.

ಅಕ್ಕನ ಗಂಜಿಯ ಉಪ್ಪು ನೆನಪಾಗಿ ಲೆಕ್ಕ ಹಾಕಿದೆ. ಶನಿವಾರದಿಂದ ಶನಿವಾರ, ದಿನಕ್ಕೊಂದು ಸಲ. ಒಂದು ಚಿಟಿಕೆ ಎಂದು ಶುರುವಾದದ್ದು ಗುರುವಾರದ ಹೊತ್ತಿಗೆ ಅರ್ಧ ಚಮಚವಾಗಿತ್ತು. ಇವತ್ತು ಹಾಕಲಿಲ್ಲ. ಅಕ್ಕ ಬಟ್ಟಲು ನೋಡಿದಳು, ನನ್ನನ್ನು ನೋಡಿದಳು, ತಿನ್ನಲಿಲ್ಲ.

ಮಾರ್ಚ್ 17, ಸೋಮವಾರ

ಬೆಳಿಗ್ಗೆ ಆಸ್ಪತ್ರೆಯಿಂದ ಫೋನ್ ಬಂತು. ಅಕ್ಕನಿಗೆ ಉಸಿರಾಡಲು ಆಗುತ್ತಿಲ್ಲ, ಶ್ವಾಸಕೋಶದಲ್ಲಿ ನೀರು ತುಂಬಿದೆಯಂತೆ. ಬಾಯಾರಿಕೆ ತಾಳಲಾರದೆ ಬಚ್ಚಲುಮನೆಯ ನಲ್ಲಿಗೆ ಬಾಯಿಟ್ಟು ಕುಡಿಯುತ್ತಿದ್ದಳಂತೆ, ಎಷ್ಟು ದಿನದಿಂದಲೋ. ಐಸಿಯುಗೆ ಹಾಕಿದ್ದಾರೆ. ಅಲ್ಲಿಗೇ ಯಂತ್ರ ತಂದು ಹಚ್ಚಿದ್ದಾರೆ.

ದೊಡ್ಡ ಡಾಕ್ಟರ ಮುಂದೆ ನಿಂತು ಎಲ್ಲ ಹೇಳಿದೆ. ಕಾಗದದ ಪೊಟ್ಟಣವನ್ನೂ ಮೇಜಿನ ಮೇಲಿಟ್ಟೆ. ಅವರು ಬೈಯಲಿಲ್ಲ. "ಅಮ್ಮಾ, ಹೋಗಿ ಹೊರಗೆ ಕೂತ್ಕೊಳ್ಳಿ" ಎಂದರು. ಬೈದಿದ್ದರೆ ಚೆನ್ನಾಗಿತ್ತು.

ಉಪ್ಪು ತಿಂದವನು ನೀರು ಕುಡಿಯಲೇಬೇಕು ಎಂದು ಎಷ್ಟು ಜನಕ್ಕೆ ಹೇಳಿದ್ದೇನೆ, ಕೈ ತಿರುಗಿಸಿ, ಜಂಬದಿಂದ. ತಿನ್ನಿಸಿದವಳು ನಾನು. ಅವಳಿಗೆ ಕುಡಿಯುವುದಕ್ಕೆ ನೀರೂ ಇಲ್ಲ. ಅಕ್ಕ ಹೋದರೆ ಅವಳನ್ನು ಕೊಂದವಳು ನಾನೇ, ಬೇರೆ ಯಾರೂ ಅಲ್ಲ.

ಮಾರ್ಚ್ 18, ಮಂಗಳವಾರ

ಹೆಡ್ ಮಿಸ್ ಹೋದಳು.

ಮಾರ್ಚ್ 19, ಬುಧವಾರ

ಅಕ್ಕನ ಉಸಿರು ತಹಬಂದಿಗೆ ಬಂದಿದೆ, ವಾರ್ಡಿಗೆ ತಂದಿದ್ದಾರೆ. ಕಣ್ಣು ಬಿಟ್ಟ ಕೂಡಲೇ "ಹತ್ತೊಂಬತ್ತೂ ಇವೆಯಾ?" ಎಂದಳು. ಇವೆ ಎಂದೆ. ಆಮೇಲೆ ಏನು ಮಾಡಿದೆ ಎಂದು ಬರೆಯುವುದಕ್ಕೂ ನಾಚಿಕೆ.

ಊರೆಲ್ಲ ಅಲೆದೆ. ಮೂರು ಪ್ರಾಣಿ ಅಂಗಡಿ, ಎರಡು ಶೆಡ್ಡು. ಬೂದುಬಣ್ಣದ ದೊಡ್ಡ ಹೆಣ್ಣು ಮೊಲ ಬೇಕು, ಮುಖ ಸ್ವಲ್ಪ ಸಿಡುಕಿರಬೇಕು ಎಂದೆ. ಅಂಗಡಿಯವಳು ನಕ್ಕಳು. ಕೊನೆಗೆ ಒಂದು ಸಿಕ್ಕಿತು. ಬಣ್ಣ ಅದೇ, ಗಾತ್ರ ಅದೇ, ಹೆಡ್ ಮಿಸ್‌ಳ ಎಡಗಿವಿಯ ತುದಿಯಲ್ಲಿದ್ದ ಹಳೆಯ ಗಾಯ ಒಂದಿಲ್ಲ. ಕತ್ತರಿಯಿಂದ ಸ್ವಲ್ಪ… ಎಂದು ಯೋಚಿಸಿದೆ. ಯೋಚಿಸಿದ್ದು ನಿಜ. ಬುಟ್ಟಿಗೆ ಹಾಕಿಕೊಳ್ಳುವ ಮುಂಚೆ ಅದರ ಮುಂದೆ ಕೈ ಹಿಡಿದೆ. ಅದು ಮೂಸಿ ನೋಡಿ ಹಿಂದೆ ಸರಿಯಿತು. ಬೇಡ ಎಂದು ಬಂದುಬಿಟ್ಟೆ.

ಮಾರ್ಚ್ 20, ಗುರುವಾರ

ಹೇಳಿದೆ. ಇಟ್ಟಿಗೆ, ಪುಡಿ, ಕಲ್ಲು, ಹೆಡ್ ಮಿಸ್, ಗಂಜಿಯ ಉಪ್ಪು, ನಿನ್ನೆಯ ಸುಳ್ಳು, ಎಲ್ಲ.

ಅಕ್ಕ ಕಿಟಕಿ ಕಡೆ ನೋಡುತ್ತ ಕೇಳಿಸಿಕೊಂಡಳು.

"ಗಂಜಿದು ಗೊತ್ತಿತ್ತು ಕಣೇ. ಮೊದಲ ಚಮಚಕ್ಕೇ ಗೊತ್ತಾಯ್ತು."

"ಮತ್ತೆ ಯಾಕೆ ತಿಂದೆ?"

"ನಿನ್ನ ಮುಖ ನೋಡಿ ತಿಂದೆ. ಪರೀಕ್ಷೆ ಬರ್ದೋಳ ಥರ ನಿಂತಿದ್ದೆ. ಚಿಕ್ಕೋಳಿದ್ದಾಗಿಂದ ಹಾಗೇ ನೀನು. ತಿನ್ನದೇ ಇದ್ರೆ ಪ್ರಾಣ ಬಿಡೋ ಹಾಗೆ ನಿಂತ್ಕೊಳ್ತೀಯ."

ಆಮೇಲೆ ಗೋಡೆಯ ಕಡೆ ತಿರುಗಿ ಮಲಗಿದಳು. ಹೆಡ್ ಮಿಸ್ ಬಗ್ಗೆ ಒಂದು ಮಾತೂ ಇಲ್ಲ. ನಾನು ಹೊರಡುವಾಗ ಇಷ್ಟು ಹೇಳಿದಳು: "ನಾಳೆ ಮಿಷಿನ್ ಬೇಡ ಅಂತ ನರ್ಸಿಗೆ ಹೇಳ್ಬಿಡು."

ಹೇಳಲಿಲ್ಲ. ಮನೆಗೆ ಬಂದು ಹದಿನೆಂಟಕ್ಕೆ ಹುಲ್ಲು ಹಾಕಿ ಇದನ್ನು ಬರೆಯುತ್ತಿದ್ದೇನೆ. ನಾಳೆ ಏನು ಮಾಡಬೇಕೋ ಗೊತ್ತಿಲ್ಲ. ನನ್ನ ಬಳಿ ಹಾಕುವುದಕ್ಕೆ ಇನ್ನೇನೂ ಉಳಿದಿಲ್ಲ.

ಮಾರ್ಚ್ 21, ಶುಕ್ರವಾರ

ಹತ್ತು ಗಂಟೆಗೆ ಗಾಲಿಕುರ್ಚಿ ಬಂತು. ಅಕ್ಕ ಏಳಲಿಲ್ಲ. ನರ್ಸ್ ಮೆಲ್ಲಗೆ ಹೇಳಿದಳು, ಜೋರಾಗಿ ಹೇಳಿದಳು. ದೊಡ್ಡ ಡಾಕ್ಟರು ಬಂದು, ಮೊನ್ನೆ ಬಚಾವಾದದ್ದೇ ಹೆಚ್ಚು, ಇವತ್ತು ತಪ್ಪಿಸಿದರೆ ಸೋಮವಾರದವರೆಗೆ ಖಾತರಿ ಇಲ್ಲ ಎಂದರು. ಅಕ್ಕ ಕಣ್ಣು ಮುಚ್ಚಿಕೊಂಡೇ ಇದ್ದಳು. ಎಲ್ಲರೂ ನನ್ನನ್ನು ನೋಡಿದರು, ತಂಗಿ ಹೇಳಲಿ ಎಂದು.

ಬೆಳಿಗ್ಗೆಯಿಂದ ಏನೂ ತಿಂದಿರಲಿಲ್ಲ. ಅಲ್ಲೇ ಸ್ಟೂಲಿನ ಮೇಲೆ ಕೂತು, ಅವಳು ಮುಟ್ಟದೆ ಬಿಟ್ಟಿದ್ದ ಬಟ್ಟಲು ತೆಗೆದುಕೊಂಡು ತಿನ್ನತೊಡಗಿದೆ. ಗಾಲಿಕುರ್ಚಿ ಬಾಗಿಲಲ್ಲೇ ಕಾದಿತ್ತು. ಬಹಳ ಹೊತ್ತಾದ ಮೇಲೆ ಅಕ್ಕ ಒಂದು ಕಣ್ಣು ತೆರೆದಳು.

"ಏನೇ ತಿಂತಿದ್ದೀಯ?"

"ನಿನ್ನ ಗಂಜಿ."

"ಉಪ್ಪು ಹಾಕ್ಕೊಂಡ್ಯಾ?"

"ಇಲ್ಲ."

"ಹೇಗಿದೆ?"

"ದರಿದ್ರವಾಗಿದೆ."

ಅಕ್ಕನ ಹೊಟ್ಟೆ ಅಲುಗಿತು. ಅಳುತ್ತಿದ್ದಾಳೆ ಎಂದುಕೊಂಡೆ. ನಗುತ್ತಿದ್ದಳು. ನಕ್ಕು ಕೆಮ್ಮಿ, ಆಮೇಲೆ ನಿಜವಾಗಿಯೂ ಅತ್ತಳು, ಹೆಡ್ ಮಿಸ್‌ಳ ಹೆಸರು ಹಿಡಿದು. ನಾನು ತಿನ್ನುತ್ತಲೇ ಇದ್ದೆ. ಬಟ್ಟಲು ಖಾಲಿಯಾಯಿತು.

"ಹದಿನೆಂಟಕ್ಕೆ ಹುಲ್ಲು ಹಾಕಿ ಬಂದ್ಯಾ?"

"ಹಾಕಿದೆ. ಹುಲ್ಲು, ಪೆಲೆಟ್, ನೀರು."

"ಕೈ ಹಿಡ್ಕೋ, ಏಳ್ತೀನಿ" ಎಂದಳು.

ಮಾರ್ಚ್ 27, ಗುರುವಾರ

ಕ್ಯಾಂಟೀನಿನಲ್ಲಿ ಗಲಾಟೆ. ಸೌಟಮ್ಮ, ಎರಡು ದಿನದಿಂದ ಉಪ್ಪು ಮರೀತಿದ್ದೀರಿ ಎಂದು ವೆಲ್ಡಿಂಗ್ ವಿಭಾಗದವರೆಲ್ಲ ತಟ್ಟೆ ಹಿಡಿದು ಬಂದರು. ನಾನು ರುಚಿ ನೋಡಿಯೇ ಕಳಿಸಿದ್ದು, ಸರಿಯಾಗಿಯೇ ಇತ್ತು. ಬಿಸಿಲಿಗೆ ಇವರ ನಾಲಿಗೆ ಕೆಟ್ಟಿರಬೇಕು. ಮೇಜಿನ ಮೇಲೆ ಉಪ್ಪಿನ ಡಬ್ಬಿ ಇಡಿಸಿದೆ.

ಮಧ್ಯಾಹ್ನ ಎಂದಿನಂತೆ ಅಕ್ಕನ ಜೊತೆ ಗಂಜಿ. ಎರಡು ಬಟ್ಟಲು. ಅವಳು ಈಗ ಮುಕ್ಕಾಲು ತಿನ್ನುತ್ತಾಳೆ.

ಮಾರ್ಚ್ 30, ಭಾನುವಾರ

ಅಕ್ಕ ಮನೆಗೆ ಬಂದಳು. ನೇರ ಶೆಡ್ಡಿಗೇ ಹೋಗಿ, ಖಾಲಿ ಗೂಡಿನ ಮುಂದೆ ನಿಂತಳು. ಬಾಗಿಲು ತೆಗೆದಳು, ಹಾಕಿದಳು. ನಾನು ಹಿಂದೆ ನಿಂತಿದ್ದೆ. ಅವಳು ಇನ್ನೂ ನನ್ನನ್ನು ಪೂರ್ತಿ ಕ್ಷಮಿಸಿಲ್ಲ. ನಾನು ಕೇಳಿಯೂ ಇಲ್ಲ.

ತಟ್ಟೆ ತೊಳೆಯುವಾಗ ಹೆಡ್ ಮಿಸ್‌ಳ ಮಗಳು, ಇಷ್ಟು ದಿನ ನನ್ನನ್ನು ಕಂಡರೆ ಮೂಲೆ ಸೇರುತ್ತಿದ್ದವಳು, ಬಂದು ನನ್ನ ಬೆರಳು ನೆಕ್ಕಿದಳು. ಆಗತಾನೇ ಸೋಪು ಹಾಕಿ ತೊಳೆದ ಕೈ.

ಏಪ್ರಿಲ್ 6, ಭಾನುವಾರ

ಅಕ್ಕ ಈಗ ಕುರ್ಚಿ ಹಾಕಿಕೊಂಡು ಶೆಡ್ಡಿನಲ್ಲಿ ಒಂದು ಗಂಟೆ ಕೂರುತ್ತಾಳೆ. ಕೆಲಸ ಪೂರ್ತಿ ನನ್ನದು, ಅಧಿಕಾರ ಪೂರ್ತಿ ಅವಳದು.

ಇವತ್ತು ಒಂದು ವಿಚಿತ್ರ ಆಯಿತು. ಪೆಲೆಟ್ ಚೀಲ ತಳ ಮುಟ್ಟಿದೆ. ಮಾರ್ಚಿನಲ್ಲಿ ನಾನೇ ಬಿಚ್ಚಿದ ಅದೇ ಚೀಲ. ಬಗ್ಗಿ ತೆಗೆಯುವಾಗ ಅಭ್ಯಾಸಬಲದಿಂದ ಎರಡು ಬಾಯಿಗೆ ಹಾಕಿಕೊಂಡೆ. ಉಪ್ಪಿದೆ! ನಾಲಿಗೆಗೆ ತಟ್ಟುವಷ್ಟು, ಚೆನ್ನಾಗಿಯೇ ಇದೆ. ಮತ್ತೆರಡು ಹಾಕಿಕೊಂಡು ನೋಡಿದೆ. ಅನುಮಾನವೇ ಇಲ್ಲ.

"ಅಕ್ಕಾ, ಡಾಕ್ಟ್ರಮ್ಮ ಹೇಳಿದ್ದು ನಿಜ ಕಣೇ. ಉಪ್ಪೆಲ್ಲ ಚೀಲದ ತಳಕ್ಕೆ ಇಳಿದುಬಿಟ್ಟಿದೆ" ಎಂದು ಕೂಗಿದೆ. ಅಕ್ಕ ನನ್ನನ್ನೇ ತುಂಬ ಹೊತ್ತು ನೋಡಿದಳು. "ಹದಿನೈದು ದಿನದಿಂದ ನನ್ನ ಜೊತೆ ಉಪ್ಪಿಲ್ಲದ ಗಂಜಿ ತಿಂತಿದ್ದೀಯಲ್ಲೇ" ಎಂದಷ್ಟೇ ಹೇಳಿ, ಹತ್ತಿರ ಬಾ ಎಂದು ಕರೆದಳು. ಗಲ್ಲಕ್ಕೆ ಮೆತ್ತಿದ್ದ ಪುಡಿಯನ್ನು ಸೆರಗಿನಿಂದ ಒರೆಸಿದಳು. ಆಸ್ಪತ್ರೆಯಿಂದ ಬಂದ ಮೇಲೆ ಅವಳಾಗಿ ನನ್ನನ್ನು ಮುಟ್ಟಿದ್ದು ಇದೇ ಮೊದಲು.

ಅವತ್ತೇ ಮೇಲಿನದನ್ನು ಬಿಟ್ಟು ತಳದವರೆಗೆ ಕೈಹಾಕಿ ರುಚಿ ನೋಡಿದ್ದರೆ ಹೆಡ್ ಮಿಸ್ ಇರುತ್ತಿದ್ದಳು. ಅದು ನನ್ನನ್ನು ಸಾಯುವವರೆಗೂ ಬಿಡುವುದಿಲ್ಲ. ನಾಳೆ ಸೋಮವಾರ, ಎಂಟು ಗಂಟೆಗೆ ಡಯಾಲಿಸಿಸ್. ಬೇಗ ಎದ್ದು ಇಬ್ಬರಿಗೂ ಗಂಜಿ ಮಾಡಬೇಕು, ಅವಳದ್ದರಿಂದಲೇ ನನ್ನದನ್ನೂ ತೆಗೆದರಾಯಿತು.